ಗಾಜಿನ ಮೇಲೆ ಟೇಪು, ಆಮೇಲೆ ಪ್ರಮೇಯ: ಪದವಿ ತರಗತಿಗೆ ಪ್ರಕ್ಷೇಪ ಜ್ಯಾಮಿತಿ ಕಲಿಸುವ ಬಗೆ

ಪ್ರಕ್ಷೇಪ ಜ್ಯಾಮಿತಿಯನ್ನು, ಅಂದರೆ ಒಂದು ಕಣ್ಣಿಗೆ ಕಂಡಂತೆ ಚಿತ್ರಿಸಿದಾಗ ಆಕೃತಿಗಳಲ್ಲಿ ಏನು ಬದಲಾಗುತ್ತದೆ, ಏನು ಉಳಿಯುತ್ತದೆ ಎಂದು ನೋಡುವ ಗಣಿತವನ್ನು, ಮೊದಲ ಸಲ ಕಲಿಸಿದಾಗ ನಾನೂ ಎಲ್ಲರಂತೆ ಸ್ವಯಂಸಿದ್ಧಗಳಿಂದಲೇ ಶುರುಮಾಡಿದ್ದೆ. ‘ಒಂದೇ ಸಮತಲದ ಯಾವುದೇ ಎರಡು ಸರಳರೇಖೆಗಳು ಒಂದು ಬಿಂದುವಿನಲ್ಲಿ ಕೂಡುತ್ತವೆ’ ಎಂದು ಬೋರ್ಡಿನ ಮೇಲೆ ಬರೆದೆ. ‘ಸರ್, ಸಮಾಂತರ ರೇಖೆಗಳು?’ ಎಂದಳು ಮೂರನೆಯ ಬೆಂಚಿನ ಹುಡುಗಿ. ‘ಅವು ಅನಂತದಲ್ಲಿ ಕೂಡುತ್ತವೆ ಎಂದು ಇಟ್ಟುಕೊಳ್ಳಮ್ಮ’ ಎಂದೆ. ಅವಳು ಇಟ್ಟುಕೊಂಡಳು, ನೋಟ್‌ಬುಕ್ಕಿನಲ್ಲಿ. ಪರೀಕ್ಷೆಯಲ್ಲಿ ಅದನ್ನೇ ಬರೆದು ಅಂಕವನ್ನೂ ತೆಗೆದುಕೊಂಡಳು. ಆ ಅನಂತ ಎಲ್ಲಿದೆ ಎಂಬುದು ಮಾತ್ರ ಅವಳಿಗೂ ತಿಳಿಯಲಿಲ್ಲ, ತೋರಿಸಲು ನನಗೂ ಬರಲಿಲ್ಲ.

ಅದು ಕಿಟಕಿಯ ಗಾಜಿನ ಮೇಲೆ, ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿದೆ. ಕುರ್ಚಿಯಲ್ಲಿ ಕುಳಿತವರ ಕಣ್ಣಿನ ಮಟ್ಟ ಅದು. ಈಗ ನಾನು ಪಾಠವನ್ನು ಅಲ್ಲಿಂದಲೇ ಶುರುಮಾಡುತ್ತೇನೆ. ಚಿತ್ರ ಬಿಡಿಸುತ್ತಾ ಹೋಗುವುದು, ಚಿತ್ರ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೋ ಅಲ್ಲಿ ಪ್ರಮೇಯವನ್ನು ತರುವುದು. ಈ ಬರಹದ ಪೂರ್ತಿ ಉಪಾಯ ಇಷ್ಟೇ. ಮೊದಲು ಪ್ರಮೇಯ ಹೇಳಿ ಆಮೇಲೆ ‘ಅನ್ವಯ’ ಎಂದು ಎರಡು ವರ್ಣಚಿತ್ರ ತೋರಿಸಿದರೆ ಚಿತ್ರ ಬರೀ ಒಗ್ಗರಣೆಯಾಗುತ್ತದೆ. ವಿದ್ಯಾರ್ಥಿಗಳು ಅದನ್ನು ಕರಿಬೇವಿನ ಹಾಗೆ ತಟ್ಟೆಯ ಬದಿಗೆ ಎತ್ತಿಡುತ್ತಾರೆ.

ಬಿ.ಎಸ್ಸಿ. ಮೂರನೆಯ ವರ್ಷದವರಿಗೆ ಹನ್ನೆರಡರಿಂದ ಹದಿನಾಲ್ಕು ತರಗತಿ ಸಾಕು. ಎಸ್‌ಎಸ್‌ಎಲ್‌ಸಿಯ ಸಮರೂಪ ತ್ರಿಭುಜಗಳು, ಸ್ವಲ್ಪ ವೆಕ್ಟರ್, ಕೊನೆಯ ಎರಡು ತರಗತಿಗೆ ಮಾತೃಕೆ ಗೊತ್ತಿದ್ದರಾಯಿತು. ಚಿತ್ರ ಬಿಡಿಸಲು ಬರಬೇಕಾಗಿಲ್ಲ. ‘ನನ್ನ ಕೈ ಸರಿಯಿಲ್ಲ ಸರ್’ ಎನ್ನುವವರಿಗೆ, ಸ್ಕೇಲು ಹಿಡಿಯಲು ಬರುತ್ತದೆಯೇ ಎಂದು ಮಾತ್ರ ಕೇಳಿ.

ಸಾಮಾನು

ಒಂದು ತೆರೆದ ನೋಟವಿರುವ ಗಾಜಿನ ಕಿಟಕಿ. ಕಿಟಕಿ ಇಲ್ಲದಿದ್ದರೆ ಕಟ್ಟಿನಲ್ಲಿ ಕೂರಿಸಿದ ಅಕ್ರಿಲಿಕ್ ಹಾಳೆ. ಅರ್ಧ ಇಂಚಿನ ಮಾಸ್ಕಿಂಗ್ ಟೇಪು, ಅಳತೆ ಟೇಪು, ದಾರ, ಎರಡು ಓಎಚ್‌ಪಿ ಹಾಳೆ (ಪಾರದರ್ಶಕ ಪ್ಲಾಸ್ಟಿಕ್ ಹಾಳೆ), ಒಂದೇ ಬಲ್ಬಿನ ಟಾರ್ಚು, ಅಂಗೈಯಗಲದ ಕನ್ನಡಿ. ಕಾಗದ ಎ3 ಅಳತೆಯದೇ ಇರಲಿ. ಎ4 ಹಾಳೆಯಲ್ಲಿ ಬಿಡಿಸಿದರೆ ರೇಖೆಗಳು ಕೂಡುವ ಬಿಂದುಗಳೆಲ್ಲ ಹಾಳೆ ದಾಟಿ ಮೇಜಿನ ಮೇಲೆ ಹೋಗಿ ಬೀಳುತ್ತವೆ. ಪೆನ್ಸಿಲ್ ಚೂಪಾಗಿರಬೇಕು. ಇದನ್ನು ಪ್ರತಿ ತರಗತಿಯಲ್ಲೂ ಹೇಳಬೇಕಾಗುತ್ತದೆ, ಮೊದಲೇ ಸಿದ್ಧರಾಗಿರಿ.

ಪದಗಳ ಬಗ್ಗೆ ಒಂದು ಮಾತು. ಕಲಾಶಾಲೆಯವರು ವ್ಯಾನಿಶಿಂಗ್ ಪಾಯಿಂಟ್ ಎನ್ನುವುದನ್ನು ನಾನು ‘ಮರೆಬಿಂದು’ ಎನ್ನುತ್ತೇನೆ. ಕಣ್ಣಿನ ಮಟ್ಟದ ಅಡ್ಡಗೆರೆ ‘ದಿಗಂತರೇಖೆ’. ಮೊದಲ ಮೂರು ವಾರಕ್ಕೆ ಇವೆರಡು ಪದ ಸಾಕು. ಈ ಶಾಸ್ತ್ರಕ್ಕೆ ಅಡಿಪಾಯ ಹಾಕಿದ ಲಿಯಾನ್ ನಗರದ ಜಿರಾರ್ ದೆಸಾರ್ಗ್, 1639ರಲ್ಲಿ ಶಂಕುಜಗಳ (ಶಂಕುವನ್ನು ಕತ್ತರಿಸಿದಾಗ ಸಿಗುವ ವಕ್ರರೇಖೆಗಳ) ಮೇಲೆ ಬರೆದ ಪುಸ್ತಿಕೆಯಲ್ಲಿ ಬುಡ, ಕಾಂಡ, ಕೊಂಬೆ ಎಂದು ಗಿಡಮರದ ಹೊಸ ಪದಗಳನ್ನೇ ತುಂಬಿದ. ಅಚ್ಚಾದದ್ದೇ ಸುಮಾರು ಐವತ್ತು ಪ್ರತಿ. ಓದಿ ಅರಗಿಸಿಕೊಂಡವರು ಅದಕ್ಕಿಂತ ಕಡಿಮೆ. ಪರಿಭಾಷೆ ಹೆಚ್ಚಾದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹೆಜ್ಜೆ 1: ಗಾಜಿಗೆ ಟೇಪು ಅಂಟಿಸಿ

ಮೂವರ ಗುಂಪು ಮಾಡಿ. ಒಬ್ಬರು ಕಣ್ಣು, ಒಬ್ಬರು ಕೈ, ಇನ್ನೊಬ್ಬರು ಅಳತೆ. ‘ಕಣ್ಣು’ ಆದವರು ಕುರ್ಚಿಯಲ್ಲಿ ಕುಳಿತು, ಮೇಜಿನ ಮೇಲೆ ಪೇರಿಸಿದ ಪುಸ್ತಕಗಳ ಮೇಲೆ ಗದ್ದ ಊರಿ, ಒಂದು ಕಣ್ಣು ಮುಚ್ಚಬೇಕು. ತೆರೆದ ಕಣ್ಣಿನಿಂದ ಗಾಜಿಗೆ ಸರಿಯಾಗಿ 50 ಸೆಂಟಿಮೀಟರ್ ಇರಲಿ. ಹೊರಗೆ ದೂರಕ್ಕೆ ಓಡುವ ಅಂಚುಗಳು ಕಾಣಬೇಕು: ಕಾರಿಡಾರು, ಕಟ್ಟಡದ ಸಜ್ಜ, ಹೆಂಚಿನ ಸಾಲು, ಕಾಂಪೌಂಡ್ ಗೋಡೆ. ‘ಕೈ’ ಆದವರು, ಕಣ್ಣು ಹೇಳಿದ ಹಾಗೆ, ಆ ಅಂಚುಗಳ ಮೇಲೆ ಗಾಜಿನಲ್ಲಿ ಟೇಪು ಅಂಟಿಸುತ್ತಾ ಹೋಗಬೇಕು.

ಐದು ನಿಮಿಷದೊಳಗೆ ಜಗಳ ಶುರುವಾಗುತ್ತದೆ. ‘ಇನ್ನೂ ಎಡಕ್ಕೆ’ ಎನ್ನುತ್ತಾನೆ ಕಣ್ಣು. ‘ಸಜ್ಜ ಇಲ್ಲೇ ಇದೆಯಲ್ಲೋ, ಕುರುಡನೇ’ ಎನ್ನುತ್ತಾನೆ ಕೈ. ಇಬ್ಬರೂ ಸರಿ. ಕೈಯವನನ್ನು ಕುರ್ಚಿಯಲ್ಲಿ ಕೂರಿಸಿ, ಗದ್ದ ಊರಿಸಿ. ಹೊರಗಿನ ಕಟ್ಟಡ ಬಂದು ಟೇಪಿನೊಳಗೆ ಕುಳಿತುಕೊಳ್ಳುವ ಆ ಕ್ಷಣದಲ್ಲಿ ಅವನ ಮುಖವನ್ನು ನೋಡಿ. ಚಿತ್ರ ಒಂದೇ ಒಂದು ಕಣ್ಣಿನ ಸ್ವತ್ತು ಎಂಬುದನ್ನು ಬಾಯಿಮಾತಿನಲ್ಲಿ ಹೇಳಿ ಅರ್ಥ ಮಾಡಿಸಲು ಆಗುವುದಿಲ್ಲ.

ಅರ್ಧ ಗಂಟೆಯ ನಂತರ ಎಲ್ಲರನ್ನೂ ಗಾಜಿನ ಹತ್ತಿರ ಕರೆಯಿರಿ. ಉದ್ದನೆಯ ಸ್ಕೇಲಿಟ್ಟು, ನಿಜದಲ್ಲಿ ಪರಸ್ಪರ ಸಮಾಂತರವಾಗಿರುವ ಅಂಚುಗಳ ಟೇಪುಗಳನ್ನು ಮುಂದಕ್ಕೆ ಎಳೆಯಲು ಹೇಳಿ. ಅವು ಒಂದೇ ಕಡೆ ಬಂದು ಸೇರುತ್ತವೆ. ನೆಲಕ್ಕೆ ಸಮಾಂತರವಾದ ಅಂಚುಗಳಾಗಿದ್ದರೆ ಆ ಬಿಂದು ಕಣ್ಣಿನ ಎತ್ತರದಲ್ಲೇ ಇರುತ್ತದೆ. ಯಾಕೆ ಎಂದು ಈಗ ಹೇಳಬೇಡಿ. ಒಂದು ದಿನ ತಲೆ ಕೆಡಿಸಿಕೊಳ್ಳಲಿ.

ಚಿತ್ರವನ್ನು ತೆರೆದ ಕಿಟಕಿಗೆ ಹೋಲಿಸಿದವನು ಇಟಲಿಯ ಆಲ್ಬೆರ್ಟಿ, 1435ರಲ್ಲಿ. ಜರ್ಮನಿಯ ಡ್ಯೂರರ್ 1525ರಲ್ಲಿ ಅಚ್ಚು ಹಾಕಿಸಿದ ಮರದಚ್ಚಿನ ಚಿತ್ರವೊಂದಿದೆ: ಗೋಡೆಯ ಕೊಂಡಿಯಿಂದ ಹೊರಟ ದಾರ ಒಂದು ಚೌಕಟ್ಟಿನ ಮೂಲಕ ಹಾದು ಮೇಜಿನ ಮೇಲಿನ ವಾದ್ಯವನ್ನು ಮುಟ್ಟುತ್ತದೆ, ಚೌಕಟ್ಟನ್ನು ದಾರ ದಾಟಿದ ಜಾಗವನ್ನು ಇನ್ನೊಬ್ಬ ಗುರುತು ಹಾಕಿಕೊಳ್ಳುತ್ತಿದ್ದಾನೆ. ಕೊಂಡಿಯೇ ಕಣ್ಣು, ದಾರವೇ ಕಿರಣ. ಈ ಚಿತ್ರವನ್ನು ಎರಡನೆಯ ತರಗತಿಯ ಮೊದಲ ಐದು ನಿಮಿಷ ತೋರಿಸಿ. ಮಕ್ಕಳು ತಾವು ನಿನ್ನೆ ಮಾಡಿದ್ದನ್ನೇ ಅದರಲ್ಲಿ ಗುರುತಿಸುತ್ತಾರೆ.

ಹೆಜ್ಜೆ 2: ಅಳೆಯಿರಿ

ಕಣ್ಣು, ಗಾಜಿನ ಮೇಲಿನ ಗುರುತು, ಹೊರಗಿನ ಕಂಬದ ತುದಿ, ಇವುಗಳನ್ನು ಪಕ್ಕದಿಂದ ನೋಡಿದಂತೆ ಬಿಡಿಸಿದರೆ ಎರಡು ಸಮರೂಪ ತ್ರಿಭುಜಗಳು ಕಾಣುತ್ತವೆ. ಸೂತ್ರ ಅವರಿಂದಲೇ ಬರುತ್ತದೆ:

ಗಾಜಿನ ಮೇಲಿನ ಅಳತೆ = ಕಣ್ಣಿನಿಂದ ಗಾಜಿನ ದೂರ × ನಿಜವಾದ ಅಳತೆ ÷ ಕಣ್ಣಿನಿಂದ ವಸ್ತುವಿನ ದೂರ

ದೂರಗಳನ್ನು ಗಾಜಿಗೆ ಲಂಬವಾಗಿ ಅಳೆಯಬೇಕು. ಇಲ್ಲೇ ಹಲವರು ಓರೆಯಾಗಿ ಟೇಪು ಹಿಡಿದು ಎಡವುತ್ತಾರೆ. 6 ಮೀಟರ್ ದೂರದ 3 ಮೀಟರ್ ಕಂಬ ಗಾಜಿನ ಮೇಲೆ 25 ಸೆಂಟಿಮೀಟರ್. 12 ಮೀಟರ್ ದೂರದ್ದು ಹನ್ನೆರಡೂವರೆ. ಲೆಕ್ಕ ಮಾಡಿ, ಆಮೇಲೆ ಟೇಪನ್ನು ಅಳೆದು ನೋಡಲಿ. ಒಂದು ಸೆಂಟಿಮೀಟರ್ ಆಚೀಚೆ ಬಂದರೆ ಬೇಸರ ಬೇಡ, ಗದ್ದ ಅಲುಗಿರುತ್ತದೆ.

ಈಗ ನಿಜವಾದ ಗುಂಡಿಗೆ ಅವರನ್ನು ಕರೆದುಕೊಂಡು ಹೋಗಿ. ಕಾರಿಡಾರಿನಲ್ಲಿ 3 ಮೀಟರಿಗೊಂದರಂತೆ ಕಂಬಗಳಿವೆ, ಚಿತ್ರದಲ್ಲಿ ಅವುಗಳ ಬುಡಗಳ ನಡುವಿನ ಅಂತರ ಹೇಗೆ ಕಡಿಮೆಯಾಗುತ್ತದೆ? ಹೆಚ್ಚಿನವರು ‘ಪ್ರತಿ ಸಲ ಅರ್ಧವಾಗುತ್ತದೆ’ ಎನ್ನುತ್ತಾರೆ. ಇದು ಬಹಳ ಹಳೆಯ ತಪ್ಪು. ನೆಲದ ಹೆಂಚು ಬಿಡಿಸುವಾಗ ಪ್ರತಿ ಸಾಲನ್ನೂ ಹಿಂದಿನದರ ಮೂರನೇ ಎರಡು ಭಾಗ ಮಾಡುತ್ತಾ ಹೋಗುವ ಚಿತ್ರಕಾರರನ್ನು ಆಲ್ಬೆರ್ಟಿಯೇ ಟೀಕಿಸಿದ್ದಾನೆ.

ಕಣ್ಣು ನೆಲದಿಂದ 1.2 ಮೀಟರ್ ಎತ್ತರದಲ್ಲಿದ್ದರೆ, 3, 6, 9, 12, 15 ಮೀಟರ್ ದೂರದ ಬುಡಗಳು ದಿಗಂತರೇಖೆಯಿಂದ 20, 10, 6.67, 5, 4 ಸೆಂಟಿಮೀಟರ್ ಕೆಳಗೆ ಬರುತ್ತವೆ. ಅಂತರಗಳು 10, 3.33, 1.67, 1. ಮೊದಲು ಮೂರನೇ ಒಂದಾಯಿತು, ಆಮೇಲೆ ಅರ್ಧವಾಯಿತು, ಆಮೇಲೆ ಐದನೇ ಮೂರು. ಯಾವ ಅನುಪಾತವೂ ಉಳಿಯಲಿಲ್ಲ. ಹಾಗಾದರೆ ಚಿತ್ರದಲ್ಲಿ ಏನಾದರೂ ಉಳಿಯುತ್ತದೆಯೇ? ಈ ಪ್ರಶ್ನೆಯನ್ನು ಬೋರ್ಡಿನ ಮೂಲೆಯಲ್ಲಿ ಚೌಕಟ್ಟು ಹಾಕಿ ಬರೆದಿಡಿ, ಅಳಿಸಬೇಡಿ ಎಂದು ಹೇಳಿ. ಈ ಐದು ಸಂಖ್ಯೆಗಳೂ ಅಲ್ಲೇ ಇರಲಿ, ಮುಂದೆ ಬೇಕಾಗುತ್ತವೆ.

ಹೆಜ್ಜೆ 3: ಮರೆಬಿಂದು ಎಲ್ಲಿಂದ ಬಂತು

ಮೊನ್ನೆ ಬಿಟ್ಟ ‘ಯಾಕೆ’ಗೆ ಈಗ ಉತ್ತರ. ಹೊರಗಿನ ಗೋಡೆಯ ಅಂಚಿನ ಮೇಲೆ ಒಂದು ಇರುವೆ ದೂರ ದೂರ ನಡೆದುಹೋಗುತ್ತಿದೆ ಎಂದುಕೊಳ್ಳಿ. ಕಣ್ಣಿನಿಂದ ಇರುವೆಗೆ ಒಂದು ದಾರ. ಇರುವೆ ಮುಂದೆ ಹೋದಷ್ಟೂ ದಾರ ಆ ಅಂಚಿಗೆ ಸಮಾಂತರವಾಗುತ್ತಾ ಬರುತ್ತದೆ. ಕೊನೆಗೆ ಅದು ವಾಲಿ ನಿಲ್ಲುವ ದಿಕ್ಕು ಯಾವುದು? ಕಣ್ಣಿನ ಮೂಲಕ ಹಾದು ಅಂಚಿಗೆ ಸಮಾಂತರವಾಗಿರುವ ರೇಖೆ. ಆ ರೇಖೆ ಗಾಜನ್ನು ತೂರುವ ಜಾಗವೇ ಮರೆಬಿಂದು. ಪಕ್ಕದ ಅಂಚಿನ ಮೇಲೆ ಇನ್ನೊಂದು ಇರುವೆ ಇದ್ದರೂ ಸಮಾಂತರ ರೇಖೆ ಅದೇ, ಆದ್ದರಿಂದ ಬಿಂದುವೂ ಅದೇ.

ಇದನ್ನು ಮೈಯಿಂದ ಮಾಡಿಸಿ. ಕುರ್ಚಿಯಲ್ಲಿ ಕುಳಿತವರು ತೋಳನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಅಂಚಿಗೆ ಸಮಾಂತರವಾಗಿ ಚಾಚಿದರೆ ಬೆರಳು ಗಾಜಿನ ಮೇಲೆ ಎಲ್ಲಿ ತೋರಿಸುತ್ತದೋ ಅಲ್ಲೇ ಟೇಪುಗಳು ಕೂಡಿರುತ್ತವೆ. ಅನಂತದ ಬಿಂದುವನ್ನು ಬೆರಳಿಟ್ಟು ತೋರಿಸಿದ ಹಾಗಾಯಿತು.

ಇದರ ಜೊತೆಗೇ ಒಂದು ತಪ್ಪು ಕಲ್ಪನೆಯನ್ನೂ ಕೀಳಬೇಕು. ಗಾಜಿಗೆ ಸಮಾಂತರವಾದ ರೇಖೆಗಳಿಗೆ ಮರೆಬಿಂದು ಇಲ್ಲ. ಕಂಬಗಳು ಚಿತ್ರದಲ್ಲೂ ನೆಟ್ಟಗೆ, ಸಮಾಂತರವಾಗಿಯೇ ನಿಲ್ಲುತ್ತವೆ. ‘ಮೂರು ಮರೆಬಿಂದು ಇರಲೇಬೇಕು’ ಎಂದು ಯಾರೋ ಹೇಳಿಕೊಟ್ಟಿರುತ್ತಾರೆ. ಎಷ್ಟು ಎಂಬುದನ್ನು ನಿರ್ಧರಿಸುವುದು ಗಾಜನ್ನು ಹೇಗೆ ಹಿಡಿದಿದ್ದೀರಿ ಎಂಬುದು. ಮೊಬೈಲನ್ನು ಮೇಲಕ್ಕೆ ವಾಲಿಸಿ ಕಟ್ಟಡದ ಫೋಟೊ ತೆಗೆದರೆ ಕಂಬಗಳೂ ಕೂಡತೊಡಗುತ್ತವೆ.

ಹೆಜ್ಜೆ 4: ಚೌಕಾಬಾರದ ಮಣೆ

ಕಿಟಕಿಯಿಂದ ಕಾಗದಕ್ಕೆ ಬರುವ ಹೊತ್ತು. ಎಲ್ಲ ಕಡೆ ಚದುರಂಗದ ಮಣೆಯನ್ನೇ ಬಿಡಿಸುತ್ತಾರೆ. ಅದು ಎಂಟು ಮನೆಯದು, ಕರ್ಣ ಎಳೆದು ಅರ್ಧ ಅರ್ಧ ಮಾಡುತ್ತಾ ಹೋದರೆ ಮುಗಿಯಿತು, ಯೋಚನೆಗೆ ಕೆಲಸವಿಲ್ಲ. ನಮ್ಮ ಚೌಕಾಬಾರದ ಮಣೆ ಐದು ಮನೆ ಉದ್ದ, ಐದು ಮನೆ ಅಗಲ. ಐದನ್ನು ಅರ್ಧ ಮಾಡಲು ಬರುವುದಿಲ್ಲ. ಮೇಲಾಗಿ ಪ್ರತಿ ಬದಿಯ ನಡುಮನೆಗೂ, ಕಾಯಿ ಹಣ್ಣಾಗುವ ಮಧ್ಯದ ಮನೆಗೂ ಮೂಲೆಯಿಂದ ಮೂಲೆಗೆ ಎರಡು ಗೀಟು ಎಳೆದಿರುತ್ತಾರೆ. ಆ ಗೀಟುಗಳು ನಮ್ಮ ತನಿಖಾಧಿಕಾರಿಗಳು.

ಎ3 ಹಾಳೆಯ ಮೇಲೆ ಒಂದು ಸೊಟ್ಟ ಚತುರ್ಭುಜವನ್ನು ಕೊಡಿ, ಕ, ಖ, ಗ, ಘ ಎಂಬ ಮೂಲೆಗಳಿರಲಿ, ಕ ನಮಗೆ ಅತ್ಯಂತ ಹತ್ತಿರದ್ದು. ಇದು ನೆಲದ ಮೇಲಿರುವ ಚೌಕ ಮಣೆಯ ಚಿತ್ರ, ಒಳಗಿನ ಇಪ್ಪತ್ತೈದು ಮನೆಗಳನ್ನು ಬಿಡಿಸಿ ಎನ್ನಿ. ಎಲ್ಲರೂ ಮೊದಲು ಸ್ಕೇಲಿಟ್ಟು ಬದಿಗಳನ್ನು ಐದು ಸಮಭಾಗ ಮಾಡುತ್ತಾರೆ. ಮಾಡಲಿ. ಆಮೇಲೆ ಮಣೆಯ ಒಂದು ಮೂಲೆಯಿಂದ ಎದುರು ಮೂಲೆಗೆ ಕರ್ಣ ಎಳೆಯಿರಿ ಎನ್ನಿ. ನಿಜವಾದ ಮಣೆಯಲ್ಲಿ ಅದು ಐದು ಮನೆಗಳ ಮೂಲೆಗಳನ್ನು ಮುಟ್ಟುತ್ತಾ ಹೋಗಬೇಕು. ಇವರ ಚಿತ್ರದಲ್ಲಿ ಅದು ಮೂಲೆಗಳನ್ನು ತಪ್ಪಿಸಿಕೊಂಡು ಮನೆಗಳ ಹೊಟ್ಟೆ ಸೀಳಿಕೊಂಡು ಹೋಗುತ್ತದೆ. ಸರಳರೇಖೆಯ ಚಿತ್ರ ಸರಳರೇಖೆಯಾಗಿಯೇ ಇರಬೇಕು ಎಂಬ ನಿಯಮ ಎಷ್ಟು ಕಟ್ಟುನಿಟ್ಟಿನದು ಎಂಬುದು ಆಗ ಮನಸ್ಸಿಗೆ ನಾಟುತ್ತದೆ.

ಸರಿಯಾದ ದಾರಿ ಹೀಗಿದೆ. ಎದುರುಬದುರು ಬದಿಗಳನ್ನು ಮುಂದುವರಿಸಿ. ಕಖ ಮತ್ತು ಘಗ ಕೂಡುವ ಜಾಗ ಪ, ಕಘ ಮತ್ತು ಖಗ ಕೂಡುವ ಜಾಗ ಫ. ಪ, ಫ ಸೇರಿಸಿದರೆ ದಿಗಂತರೇಖೆ. ಈಗ ಕ ಮೂಲೆಯ ಮೂಲಕ ದಿಗಂತಕ್ಕೆ ಸಮಾಂತರವಾಗಿ, ಖ ಇರುವ ಕಡೆಗೆ ಒಂದು ರೇಖೆ ಎಳೆದು, ಅದರ ಮೇಲೆ ಕ ಯಿಂದ ಐದು ಸಮಭಾಗ ಗುರುತು ಹಾಕಿ. ಎಷ್ಟು ಉದ್ದದ ಭಾಗವಾದರೂ ಸರಿ. ಐದನೆಯ ಗುರುತನ್ನು ಖ ಜೊತೆ ಸೇರಿಸಿ ದಿಗಂತದವರೆಗೆ ಎಳೆಯಿರಿ, ಅದು ಮುಟ್ಟಿದ ಜಾಗ ಮ. ಉಳಿದ ನಾಲ್ಕು ಗುರುತುಗಳನ್ನೂ ಮ ಜೊತೆ ಸೇರಿಸಿ. ಆ ರೇಖೆಗಳು ಕಖ ಬದಿಯನ್ನು ಕತ್ತರಿಸುವ ಕಡೆಯೇ ಮನೆಗಳ ಗಡಿ. ಕಘ ಬದಿಗೂ ಇದೇ ಉಪಾಯ. ಕೊನೆಗೆ ಕಖ ಮೇಲಿನ ಬಿಂದುಗಳನ್ನು ಫ ಗೆ, ಕಘ ಮೇಲಿನವನ್ನು ಪ ಗೆ ಸೇರಿಸಿದರೆ ಮಣೆ ಸಿದ್ಧ.

ಇದು ಯಾಕೆ ಸರಿ ಎಂದು ಅವರೇ ಬರೆಯಬೇಕು. ಸುಳಿವು: ದಿಗಂತಕ್ಕೆ ಸಮಾಂತರವಾಗಿ ಎಳೆದದ್ದು, ನೆಲದ ಮೇಲೆ ಗಾಜಿಗೆ ಸಮಾಂತರವಾಗಿರುವ ರೇಖೆಯ ಚಿತ್ರ. ಅದರ ಮೇಲೆ ಸಮಭಾಗಗಳು ಸಮಭಾಗಗಳಾಗಿಯೇ ಉಳಿಯುತ್ತವೆ. ಮ ಕಡೆಗೆ ಹೋಗುವ ರೇಖೆಗಳು ನಿಜದಲ್ಲಿ ಸಮಾಂತರ. ಉಳಿದದ್ದು ಹತ್ತನೆಯ ತರಗತಿಯ ಥೇಲ್ಸ್ ಪ್ರಮೇಯ.

ಈಗ ಐದು ಮನೆಗಳಲ್ಲೂ ಗೀಟು ಎಳೆಯಿರಿ. ಹತ್ತು ಗೀಟುಗಳಲ್ಲಿ ಐದು ದಿಗಂತದ ಒಂದು ಬಿಂದುವಿನಲ್ಲಿ, ಇನ್ನೈದು ಮತ್ತೊಂದರಲ್ಲಿ ಕೂಡಿದರೆ ಚಿತ್ರ ಸರಿ. ಆ ಬಿಂದುಗಳಿಗೆ ಬ, ಭ ಎಂದು ಹೆಸರಿಟ್ಟು, ಪ, ಫ, ಬ, ಭ ನಾಲ್ಕರ ನಡುವಿನ ಅಂತರಗಳನ್ನು ಅಳೆದು ಬರೆದಿಡಲು ಹೇಳಿ. ಕರ್ಣಗಳಲ್ಲಿ ಒಂದು ದಿಗಂತಕ್ಕೆ ಹೆಚ್ಚುಕಡಿಮೆ ಸಮಾಂತರವಾಗಿದ್ದರೆ ಅದರ ಬಿಂದು ಪಕ್ಕದ ಕೊಠಡಿಯಲ್ಲಿರುತ್ತದೆ, ಅಂಥ ಚತುರ್ಭುಜವನ್ನು ಕೊಡಬೇಡಿ.

ಹೆಜ್ಜೆ 5: ಚಿತ್ರದ ಮುಂದೆ ಎಲ್ಲಿ ನಿಲ್ಲಬೇಕು

ಹೆಂಚಿನ ಸಾಲು ಗಾಜಿಗೆ ಸಮಾಂತರವಾಗಿದ್ದಾಗ ಹೆಂಚಿನ ಕರ್ಣ 45 ಡಿಗ್ರಿಯಲ್ಲಿ ಓಡುತ್ತದೆ. ಮೂರನೆಯ ಹೆಜ್ಜೆಯ ತೋಳು ಚಾಚುವ ವಿಧಾನವನ್ನೇ ಬಳಸಿದರೆ, ಗಾಜಿಗೆ ಲಂಬವಾದ ಅಂಚುಗಳು ಕೂಡುವ ನಡುವಿನ ಮರೆಬಿಂದುವಿನಿಂದ ಕರ್ಣದ ಮರೆಬಿಂದುವಿಗೆ ಇರುವ ಅಂತರವೂ ಕಣ್ಣಿನಿಂದ ಗಾಜಿಗೆ ಇರುವ ದೂರವೂ ಒಂದೇ ಎಂದು ತಿಳಿಯುತ್ತದೆ. ನಮ್ಮ ಕಿಟಕಿಯಲ್ಲಿ ಅದು 50 ಸೆಂಟಿಮೀಟರ್ ಬರಬೇಕು. ಹೋಗಿ ಅಳೆಯಲಿ.

ಈಗ ನಾಣ್ಯವನ್ನು ತಿರುಗಿಸಿ. ಚಿತ್ರ ಮಾತ್ರ ಇದೆ, ಬಿಡಿಸಿದವನು ಐದು ಶತಮಾನದ ಹಿಂದೆ ತೀರಿಹೋಗಿದ್ದಾನೆ. ಅವನ ಕಣ್ಣು ಎಲ್ಲಿತ್ತು? ವ್ಯಾಟಿಕನ್ನಿನ ಸಿಸ್ಟೀನ್ ಪ್ರಾರ್ಥನಾಲಯದ ಗೋಡೆಯ ಮೇಲೆ ಪೆರುಜಿನೊ 1481–82ರ ಸುಮಾರಿಗೆ ಬಿಡಿಸಿದ, ಸಂತ ಪೀಟರನಿಗೆ ಕೀಲಿಕೈ ಒಪ್ಪಿಸುವ ಚಿತ್ರ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ವಿಶಾಲವಾದ ಅಂಗಳ, ಉದ್ದಕ್ಕೂ ಕಲ್ಲುಹಾಸಿನ ಚೌಕಗಳು. ಎ3 ಹಾಳೆಯಲ್ಲಿ ಮುದ್ರಿಸಿ ಕೊಡಿ. ಹಾಸು ನಿಜವಾಗಿ ಚೌಕ ಎಂದು ನಾವು ಊಹಿಸಿಕೊಂಡಿದ್ದೇವೆ ಎಂಬುದನ್ನು ವಿದ್ಯಾರ್ಥಿಯೇ ಉತ್ತರದಲ್ಲಿ ಬರೆಯಬೇಕು. ಬರೆಯದಿದ್ದರೆ ನಾನು ಅರ್ಧ ಅಂಕ ಕಡಿತ ಮಾಡುತ್ತೇನೆ. ದೂರ ಸಿಕ್ಕ ಮೇಲೆ ನಡುವಿನ ಮರೆಬಿಂದುವಿನ ಎದುರು ಅಷ್ಟೇ ದೂರದಲ್ಲಿ ಒಂದು ಕಣ್ಣಿಟ್ಟು ನೋಡಲಿ. ಅಂಗಳ ಹಿಂದಕ್ಕೆ ಸರಿದು ಆಳವಾಗುತ್ತದೆ. ಅದೇ ಚಿತ್ರ ಮೊಬೈಲಿನಲ್ಲಿ ಚಪ್ಪಟೆಯಾಗಿ ಕಾಣುವುದು ಯಾಕೆಂದೂ ಇದರಿಂದ ಗೊತ್ತಾಗುತ್ತದೆ. ಚಿತ್ರ ಕುಗ್ಗಿದ ಪ್ರಮಾಣದಲ್ಲಿ ನೋಡಬೇಕಾದ ದೂರವೂ ಕುಗ್ಗುತ್ತದೆ, ಅಷ್ಟು ಹತ್ತಿರ ಹಿಡಿದರೆ ಕಣ್ಣಿಗೆ ಬರೀ ಮಸುಕು.

ಸಮಯವಿದ್ದರೆ ಇಟಲಿಯ ವಾಸ್ತುಶಿಲ್ಪಿ ಬ್ರುನೆಲ್ಲೆಸ್ಕಿಯ ಆಟ ಆಡಿಸಿ. ಹದಿನೈದನೆಯ ಶತಮಾನದ ಆರಂಭದಲ್ಲಿ ಅವನು ಫ್ಲಾರೆನ್ಸಿನ ದೀಕ್ಷಾಮಂದಿರವನ್ನು ಹಲಗೆಯ ಮೇಲೆ ಬಿಡಿಸಿ, ಹಲಗೆಗೆ ತೂತು ಕೊರೆದು, ಹಿಂಬದಿಯಿಂದ ಆ ತೂತಿಗೆ ಕಣ್ಣಿಟ್ಟು ಎದುರು ಹಿಡಿದ ಕನ್ನಡಿಯಲ್ಲಿ ಚಿತ್ರ ನೋಡುವಂತೆ ಮಾಡಿದ. ಕಣ್ಣು ಬೇರೆಡೆ ಹೋಗಲು ದಾರಿಯೇ ಇಲ್ಲ. ಕಾಲೇಜಿನ ಮುಂಬಾಗಿಲಿನ ಫೋಟೊ ಮುದ್ರಿಸಿ ರಟ್ಟಿಗೆ ಅಂಟಿಸಿ, ನಡುವಿನ ಮರೆಬಿಂದುವಿನಲ್ಲಿ ಪೆನ್ಸಿಲ್ ತೂತು ಮಾಡಿ. ಕನ್ನಡಿಯಲ್ಲಿ ಎಡಬಲ ಅದಲುಬದಲಾಗುತ್ತದೆ ಎಂದು ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ, ಫೋಟೊವನ್ನು ತಿರುವು ಹಾಕಿ ಮುದ್ರಿಸಿದರಾಯಿತು.

ಇಲ್ಲಿ ಯಾರಾದರೂ ‘ನಮ್ಮ ಹಳೆಯ ಚಿತ್ರಕಾರರಿಗೆ ಇದು ಗೊತ್ತಿರಲಿಲ್ಲವೇ’ ಎಂದು ಕೇಳಬಹುದು. ಮೈಸೂರು ಸಾಂಪ್ರದಾಯಿಕ ಚಿತ್ರದಲ್ಲಿ ದೇವರು ದೊಡ್ಡವನು, ಪಕ್ಕದ ಪರಿವಾರ ಚಿಕ್ಕದು. ಅಲ್ಲಿ ಗಾತ್ರವನ್ನು ನಿಶ್ಚಯಿಸುವುದು ದೂರವಲ್ಲ, ಘನತೆ. ಅದು ಬೇರೆ ಪ್ರಶ್ನೆಗೆ ಕೊಟ್ಟ ಉತ್ತರ, ತಪ್ಪು ಪರ್ಸ್‌ಪೆಕ್ಟಿವ್ (ಕಣ್ಣಿಗೆ ಕಂಡಂತೆ ದೂರವನ್ನು ತೋರಿಸುವ ಚಿತ್ರಣ) ಅಲ್ಲ. ಇಷ್ಟು ಹೇಳಿ ಮುಂದೆ ಹೋಗಿ.

ಹೆಜ್ಜೆ 6: ಟಾರ್ಚಿನಿಂದ ದೆಸಾರ್ಗ್

ಇಡೀ ಪಾಠದಲ್ಲಿ ನನಗೆ ಅತ್ಯಂತ ಪ್ರಿಯವಾದ ತರಗತಿ ಇದು. ಓಎಚ್‌ಪಿ ಹಾಳೆಯ ಮೇಲೆ ಮಾರ್ಕರಿನಿಂದ ಒಂದು ತ್ರಿಭುಜ ಬಿಡಿಸಿ. ಹಾಳೆಯ ಕೆಳ ಅಂಚು ಬಿಳಿ ಕಾಗದ ಹಾಸಿದ ಮೇಜನ್ನು ಮುಟ್ಟುವಂತೆ, ಸ್ವಲ್ಪ ಓರೆಯಾಗಿ ನಿಲ್ಲಿಸಿ. ಹಿಂದಿನಿಂದ ಟಾರ್ಚು ಹಿಡಿದರೆ ಮೇಜಿನ ಮೇಲೆ ತ್ರಿಭುಜದ ನೆರಳು ಬೀಳುತ್ತದೆ. ನೆರಳನ್ನು ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ. ಒಮ್ಮೆ ಒಂದು ಗುಂಪಿನ ಮೊಬೈಲಿನಲ್ಲಿ ಎರಡು ಬಲ್ಬಿದ್ದು, ಎರಡೆರಡು ನೆರಳು ಬಿದ್ದು, ಅರ್ಧ ತರಗತಿ ಹಾಳಾಯಿತು. ಬೆಳಕು ಒಂದೇ ಬಿಂದುವಿನಿಂದ ಬರಬೇಕು.

ಈಗ ಹಾಳೆಯ ಮೇಲಿನ ತ್ರಿಭುಜದ ಒಂದು ಬದಿಯನ್ನು ಕೆಳಕ್ಕೆ ಎಳೆಯಿರಿ, ಅದರ ನೆರಳನ್ನೂ ಎಳೆಯಿರಿ. ಹಾಳೆ ಮೇಜನ್ನು ಮುಟ್ಟುವ ಗೆರೆಯ ಮೇಲೆ ಎರಡೂ ಸಂಧಿಸುತ್ತವೆ. ಉಳಿದ ಎರಡು ಬದಿಗಳೂ ಹಾಗೆಯೇ. ಸಾಧನೆ ಹೇಳಿಕೊಡುವ ಮೊದಲು, ಬೇರೆ ಕಡೆ ಸಂಧಿಸುವಂತೆ ಮಾಡಿ ತೋರಿಸಿ ಎಂದು ಸವಾಲು ಹಾಕಿ. ಟಾರ್ಚು ಎಲ್ಲಿ ಹಿಡಿದರೂ ಆಗುವುದಿಲ್ಲ.

ಸಾಧನೆ ಮೂರು ವಾಕ್ಯ. ಒಂದು ಬದಿ, ಅದರ ನೆರಳು, ಟಾರ್ಚು, ಮೂರೂ ಒಂದೇ ಸಮತಲದಲ್ಲಿವೆ, ಹಾಗಾಗಿ ಬದಿಯೂ ನೆರಳೂ ಸಂಧಿಸುತ್ತವೆ. ಬದಿ ಇರುವುದು ಹಾಳೆಯಲ್ಲಿ, ನೆರಳು ಇರುವುದು ಮೇಜಿನಲ್ಲಿ, ಆದ್ದರಿಂದ ಸಂಧಿಬಿಂದು ಎರಡರಲ್ಲೂ ಇರಬೇಕು. ಎರಡರಲ್ಲೂ ಇರುವುದು ಆ ಒಂದು ಗೆರೆ ಮಾತ್ರ.

ಆಮೇಲೆ ಇಡೀ ದೃಶ್ಯದ ಫೋಟೊ ತೆಗೆಯಿರಿ. ಫೋಟೊ ಚಪ್ಪಟೆ. ಅದರಲ್ಲಿ ಎರಡು ತ್ರಿಭುಜಗಳು, ಟಾರ್ಚಿನಲ್ಲಿ ಕೂಡುವ ಮೂರು ರೇಖೆಗಳು, ಒಂದೇ ಸಾಲಿನಲ್ಲಿರುವ ಮೂರು ಸಂಧಿಬಿಂದುಗಳು ಇವೆ. ಸರಳರೇಖೆಯ ಚಿತ್ರ ಸರಳರೇಖೆ ಎಂಬ ನಾಲ್ಕನೆಯ ಹೆಜ್ಜೆಯ ನಿಯಮದಿಂದ ಸಮತಲದ ದೆಸಾರ್ಗ್ ಪ್ರಮೇಯ ಕೈಗೆ ಬಂತು: ಎರಡು ತ್ರಿಭುಜಗಳ ಜೋಡಿ ಮೂಲೆಗಳನ್ನು ಸೇರಿಸುವ ರೇಖೆಗಳು ಒಂದು ಬಿಂದುವಿನಲ್ಲಿ ಕೂಡಿದರೆ, ಜೋಡಿ ಬದಿಗಳು ಸಂಧಿಸುವ ಮೂರು ಬಿಂದುಗಳು ಒಂದೇ ಸಾಲಿನಲ್ಲಿರುತ್ತವೆ. ಸಮತಲದಲ್ಲಿ ಬಿಡಿಸಿದ ಯಾವುದೇ ಅಂಥ ಆಕೃತಿಯೂ ಒಂದು ಟಾರ್ಚು-ಹಾಳೆ ದೃಶ್ಯದ ಫೋಟೊ ಆಗಬಲ್ಲದು ಎಂದು ತೋರಿಸುವ ಕೆಲಸ ಉಳಿದಿದೆ. ಅದನ್ನು ಮನೆಗೆಲಸಕ್ಕೆ ಕೊಡಿ, ಆದರೆ ಬಿಟ್ಟುಬಿಡಬೇಡಿ. ಅದನ್ನು ಬಿಟ್ಟರೆ ಇದು ಸಾಧನೆಯಲ್ಲ, ಜಾದೂ ಪ್ರದರ್ಶನ. ಈ ಪ್ರಮೇಯ ಅಚ್ಚಿನಲ್ಲಿ ಕಾಣಿಸಿಕೊಂಡದ್ದು 1648ರಲ್ಲಿ, ದೆಸಾರ್ಗನ ಮಿತ್ರ, ಕೆತ್ತನೆಗಾರ ಅಬ್ರಹಾಂ ಬೋಸ್ ತಂದ ಪುಸ್ತಕದಲ್ಲಿ. ಅದು ಪರ್ಸ್‌ಪೆಕ್ಟಿವ್ ಚಿತ್ರಣದ ಪುಸ್ತಕ ಎಂಬುದನ್ನು ಮರೆಯದೆ ಹೇಳಿ.

ಹೆಜ್ಜೆ 7: ಉಳಿಯುವುದು ಏನು

ಬೋರ್ಡಿನ ಮೂಲೆಯ ಚೌಕಟ್ಟಿಗೆ ಹಿಂತಿರುಗಿ. ಉದ್ದ ಉಳಿಯಲಿಲ್ಲ, ಅನುಪಾತ ಉಳಿಯಲಿಲ್ಲ. ಅನುಪಾತಗಳ ಅನುಪಾತ? ಸಾಲಾಗಿರುವ ಕ, ಖ, ಗ, ಘ ಎಂಬ ನಾಲ್ಕು ಬಿಂದುಗಳಿಗೆ (ಇವು ಮಣೆಯ ಮೂಲೆಗಳಲ್ಲ) (ಕಗ × ಖಘ) ÷ (ಖಗ × ಕಘ) ಎಂದು ಲೆಕ್ಕ ಹಾಕಲು ಹೇಳಿ. ಇದೇ ಕ್ರಾಸ್ ರೇಶಿಯೊ. ನೆಲದ ಮೇಲೆ ಸಮಾನ ಅಂತರದ ನಾಲ್ಕು ಕಂಬಗಳಿಗೆ ಅದು (2 × 2) ÷ (1 × 3), ಅಂದರೆ ಮೂರನೇ ನಾಲ್ಕು. ಗಾಜಿನ ಮೇಲಿನ 20, 10, 6.67, 5 ತೆಗೆದುಕೊಳ್ಳಿ: 13.33 × 5 ಭಾಗಿಸು 3.33 × 15. ಕ್ಯಾಲ್ಕುಲೇಟರ್ 1.33 ಎನ್ನುತ್ತದೆ. ಈ ಒಂದು ಕ್ಷಣಕ್ಕಾಗಿ ಎರಡು ವಾರ ಕಾಯಿಸಿದ್ದು ಸಾರ್ಥಕ. ಸಾಧನೆಗೆ ಕಣ್ಣಿನಿಂದ ನಾಲ್ಕು ಬಿಂದುಗಳಿಗೆ ರೇಖೆ ಎಳೆದು, ತ್ರಿಭುಜಗಳ ವಿಸ್ತೀರ್ಣವನ್ನು ಸೈನ್ ಬಳಸಿ ಬರೆದರೆ ಉದ್ದಗಳೆಲ್ಲ ರದ್ದಾಗಿ ಕೋನಗಳಷ್ಟೇ ಉಳಿಯುತ್ತವೆ. ಕಣ್ಣಿನ ಬಳಿಯ ಕೋನ ಗಾಜಿಗೂ ನೆಲಕ್ಕೂ ಒಂದೇ.

ಬಳಕೆಗೆ: ರಸ್ತೆಬದಿಯ ವಿದ್ಯುತ್ ಕಂಬಗಳ ಫೋಟೊ ತೆಗೆದು, ಮೂರು ಕಂಬಗಳ ಅಂತರ ಗೊತ್ತಿದ್ದರೆ ನಾಲ್ಕನೆಯದಾಗಿ ನಿಲ್ಲಿಸಿದ ಸ್ಕೂಟರಿನ ಜಾಗವನ್ನು ಫೋಟೊದಿಂದಲೇ ಹೇಳಬಹುದು. ಮೊಬೈಲಿನ ಅಗಲನೋಟದ ಲೆನ್ಸು ಬೇಡ, ಅದು ಅಂಚಿನ ರೇಖೆಗಳನ್ನು ಬಾಗಿಸಬಹುದು. ಬಾಗಿದ ಮೇಲೆ ನಮ್ಮ ಯಾವ ಪ್ರಮೇಯವೂ ನಡೆಯದು.

ಚೌಕಾಬಾರದ ಹಾಳೆಯನ್ನೂ ತೆಗೆಸಿ. ಪ ಯಿಂದ ಬ ಗೆ ಮತ್ತು ಬ ಯಿಂದ ಫ ಗೆ ಇರುವ ಅಂತರಗಳ ಅನುಪಾತ, ಪ ಯಿಂದ ಭ ಗೆ ಮತ್ತು ಫ ಯಿಂದ ಭ ಗೆ ಇರುವ ಅಂತರಗಳ ಅನುಪಾತ, ಎರಡೂ ಒಂದೇ ಬರುತ್ತವೆ. ಪ್ರತಿಯೊಬ್ಬರ ಚತುರ್ಭುಜವೂ ಬೇರೆ, ಆದರೂ ಹೀಗೆಯೇ. ಇದು ಹಾರ್ಮೋನಿಕ್ ಜೋಡಣೆ. ಅಂಗಳದಲ್ಲಿ ಸೀಮೆಸುಣ್ಣದಿಂದ ಎಳೆದ ಮಣೆಯೊಳಗೆ ಅದು ಮೊದಲಿನಿಂದಲೂ ಇತ್ತು.

ಹೆಜ್ಜೆ 8: ವೃತ್ತ, ಆಮೇಲೆ ಅಂಕಿಗಳು

ಬ್ಯಾಸ್ಕೆಟ್‌ಬಾಲ್ ಅಂಕಣದ ನಡುವೆ 1.8 ಮೀಟರ್ ತ್ರಿಜ್ಯದ ವೃತ್ತವಿರುತ್ತದೆ. ಅದರ ಹೊರಗೆ, ವೃತ್ತ ಪೂರ್ತಿ ನಿಮ್ಮ ಮುಂದಿರುವಂತೆ ನಿಂತು ಮೊಬೈಲನ್ನು ನೆಟ್ಟಗೆ ಹಿಡಿದರೆ ಚಿತ್ರದಲ್ಲಿ ದೀರ್ಘವೃತ್ತ. ಕೇಂದ್ರಕ್ಕೆ ಮುಖ ಮಾಡಿ ಗೆರೆಯ ಮೇಲೆಯೇ ನಿಂತರೆ ಪರವಲಯ. ಒಳಗೆ ನಿಂತರೆ ಅತಿಪರವಲಯದ ಒಂದು ಕವಲು. ಬುಡದ ಭಾಗ ಕಾಣುವುದಿಲ್ಲ, ತೋಳುಗಳು ಚೌಕಟ್ಟು ದಾಟಿ ಹೋಗುವುದಷ್ಟೇ ಕಾಣುತ್ತದೆ. ಸಮೀಕರಣವನ್ನು ಎರಡನೆಯ ಹೆಜ್ಜೆಯ ಸೂತ್ರದಿಂದ ಬರೆಸಿ. ಹದಿನಾರರ ಹರೆಯದ ಪಾಸ್ಕಲ್ 1640ರಲ್ಲಿ ಶಂಕುಜಗಳ ಮೇಲೆ ಒಂದು ಪುಟ್ಟ ಪತ್ರ ಪ್ರಕಟಿಸಿದ್ದು ದೆಸಾರ್ಗನ ಈ ದಾರಿ ಹಿಡಿದೇ. ನಮ್ಮ ವಿದ್ಯಾರ್ಥಿಗಳಿಗೆ ಆ ವಯಸ್ಸು ದಾಟಿದೆ ಎಂದು ಮಾತ್ರ ಚುಚ್ಚಬೇಡಿ.

ನಿರ್ದೇಶಾಂಕಗಳು ಕೊನೆಯ ಎರಡು ತರಗತಿಗೆ. ಚಿತ್ರದ ಒಂದು ಬಿಂದು ಎಂದರೆ ಕಣ್ಣಿನಿಂದ ಹೊರಟ ಒಂದು ಕಿರಣ. ಕಿರಣದ ಮೇಲೆ ಎಲ್ಲಿದ್ದರೂ ಚಿತ್ರ ಒಂದೇ. ಆದ್ದರಿಂದ (2, 4, 2) ಮತ್ತು (1, 2, 1) ಒಂದೇ ಬಿಂದು. ಕಿಟಕಿ ಕಂಡವರಿಗೆ ಇದನ್ನು ವಿವರಿಸುವ ಅಗತ್ಯವೇ ಇರುವುದಿಲ್ಲ. ಎಕ್ಸ್ = 1 ಮತ್ತು ಎಕ್ಸ್ = 2 ಎಂಬ ಸಮಾಂತರ ರೇಖೆಗಳನ್ನು, ಅವುಗಳ ಸಮೀಕರಣದ ಗುಣಾಂಕಗಳಿಂದ, (1, 0, −1), (1, 0, −2) ಎಂದು ಬರೆದು, ಎರಡೂ ಕೂಡುವ ಬಿಂದುವನ್ನು ಕೊಡುವ ವೆಕ್ಟರ್ ಗುಣಲಬ್ಧ ತೆಗೆಸಿ. (0, 1, 0) ಬರುತ್ತದೆ. ಯಾವುದು ಇದು ಎಂದು ಕೇಳಿ. ‘ಮರೆಬಿಂದುವಾಗುವ ಬಿಂದು’ ಎಂಬ ಉತ್ತರ ತರಗತಿಯಿಂದಲೇ ಬರಬೇಕು. ಬರದಿದ್ದರೆ ಮೂರನೆಯ ಹೆಜ್ಜೆಯನ್ನು ಅವಸರದಲ್ಲಿ ಮುಗಿಸಿದ್ದೀರಿ ಎಂದರ್ಥ, ತಪ್ಪು ಅವರದಲ್ಲ.

ಅಂಕ ಕೊಡುವುದು

ಚಿತ್ರದ ಅಂದಕ್ಕೆ ಒಂದೂ ಅಂಕವಿಲ್ಲ ಎಂದು ಮೊದಲ ದಿನವೇ ಘೋಷಿಸಿ. ಒಂದು ಚಿತ್ರಕ್ಕೆ ಹತ್ತು ಅಂಕವಾದರೆ ನಾನು ಮೂರನ್ನು ರಚನಾ ರೇಖೆಗಳಿಗೆ ಇಡುತ್ತೇನೆ. ಅಳಿಸಿದ್ದರೆ ಆ ಮೂರೂ ಹೋದವು. ಏಳು ಅಂಕ ‘ಇದು ಯಾಕೆ ಸರಿ’ ಎಂಬ ಬರಹಕ್ಕೆ. ನನಗೆ ಹಿಡಿಸಿದ ಪರೀಕ್ಷಾ ಪ್ರಶ್ನೆ: ತಪ್ಪಾಗಿ ಬಿಡಿಸಿದ ಹೆಂಚಿನ ನೆಲವೊಂದನ್ನು ಕೊಟ್ಟು, ಒಂದೇ ಒಂದು ರೇಖೆ ಎಳೆದು ಅದು ತಪ್ಪೆಂದು ತೋರಿಸಿ. ಕಂಠಪಾಠ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಕೊನೆಯದಾಗಿ, ಟೇಪನ್ನು ಆ ದಿನವೇ ಕಿತ್ತುಬಿಡಿ. ನಾಲ್ಕು ದಿನ ಬಿಸಿಲು ಬಿದ್ದರೆ ಅಂಟು ಗಾಜಿಗೆ ಕಚ್ಚಿಕೊಳ್ಳುತ್ತದೆ. ಒಮ್ಮೆ ನಾನು ಹಾಗೆಯೇ ಬಿಟ್ಟಿದ್ದೆ. ಕೊನೆಗೆ ನಮ್ಮ ಅಟೆಂಡರ್ ಕೊಬ್ಬರಿ ಎಣ್ಣೆ ಸವರಿ, ಹಳೆಯ ಎಟಿಎಂ ಕಾರ್ಡಿನಿಂದ ಕೆರೆಯುತ್ತಾ ನಿಂತಿದ್ದರು. ನಡುವೆ ತಟ್ಟನೆ ಕೈ ನಿಲ್ಲಿಸಿ, ಎರಡು ಹೆಜ್ಜೆ ಹಿಂದೆ ಸರಿದು, ಸ್ವಲ್ಪ ಬಗ್ಗಿ, ಒಂದು ಕಣ್ಣು ಮುಚ್ಚಿ ಎದುರಿನ ಸಜ್ಜವನ್ನೇ ನೋಡಿದರು.